ಪುಂಡಿಯ ಹೂವು

ಹುಬ್ಬಳ್ಳಿಯ ಕೇಶ್ವಾಪುರದ ಕಡೆಯಿಂದ ಸುಳ್ಳದ ರಸ್ತೆ ಹಿಡಿದು ಹೊರಟವರಿಗೆ, ಪಟ್ಟಣದ ಗದ್ದಲ ಹಿಂದೆ ಬಿದ್ದ ಮೇಲೆ ಎರೆಯ ಹೊಲಗಳು ಎದುರಾಗುತ್ತವೆ. ಮಲೆನಾಡಿನ ಸೆರಗು ಧಾರವಾಡದ ಪಡುವಣಕ್ಕೇ ಮುಗಿದಿರುತ್ತದೆ. ಸುಳ್ಳದ ಸುತ್ತಿನದು ಬಯಲುಸೀಮೆ. ಹತ್ತಿ, ಜೋಳ, ಹೆಸರು, ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಇವು ಈ ಎರೆಯ ಹೆಸರಾದ ಬೆಳೆಗಳು. ಇವನ್ನು ಯಾರನ್ನು ಕೇಳಿದರೂ ಹೇಳಿಯಾರು. ಆದರೆ ಅಕ್ಕಡಿಯ ಸಾಲಿನಲ್ಲಿ, ಬದುವಿನ ಮಗ್ಗುಲಲ್ಲಿ, ಮನೆಯ ಹಿತ್ತಿಲಲ್ಲಿ ಬೆಳೆದು, ಬೆಳೆಯೆಂದು ಯಾರ ಲೆಕ್ಕಕ್ಕೂ ಸಿಗದ ಗಿಡವೊಂದುಂಟು. ಅದೇ ಪುಂಡಿ.

ಪುಂಡಿಪಲ್ಯ ಉಣ್ಣದವರು ನಮ್ಮ ಸೀಮೆಯಲ್ಲಿ ಸಿಕ್ಕಾರೆ? ಎಲೆ ಬಿಡಿಸಿ ಕುದಿಸಿ, ಹುಳಿನೀರನ್ನು ಬಸಿದು, ಜೋಳದ ನುಚ್ಚನ್ನೋ ತೊಗರಿಬೇಳೆಯನ್ನೋ ಕೂಡಿಸಿ, ಹಸಿಮೆಣಸಿನಕಾಯಿ ಹಾಕಿ ನುಣ್ಣಗೆ ಮಿದ್ದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಬಿಸಿರೊಟ್ಟಿಗೆ ಬೇರೆ ಜೊತೆ ಬೇಕಿಲ್ಲ. ಇಷ್ಟು ಬಳಕೆಯ ಗಿಡ ಇದು. ಆದರೂ ಪಟ್ಟಣದ ಮನೆಯೊಂದರಲ್ಲಿ, "ಪುಂಡಿಯ ಹೂವು ಹೇಗಿರುತ್ತದೆ?" ಎಂದು ಕೇಳಿ ನೋಡಿರಿ. ಹತ್ತು ಜನರಲ್ಲಿ ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿಯಾರು. ಪುಂಡಿಗೂ ಹೂವುಂಟೆ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರು.

ಹೂವುಂಟು, ಅದೂ ಎಂಥ ಹೂವು! ಮೂರು ನಾಲ್ಕು ಅಂಗುಲ ಅಗಲದ ತಿಳಿಹಳದಿಯ ಐದು ದಳ, ನಡುವೆ ಕಡುಗೆಂಪಿನ ಕಣ್ಣು. ದಾಸವಾಳದ ಕುಲದ್ದೆಂದು ಕಂಡೊಡನೆ ತಿಳಿಯುತ್ತದೆ. ನಸುಕಿನಲ್ಲಿ ಬಿರಿದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುದುಡಿಬಿಡುತ್ತದೆ. ಒಂದು ಹೂವಿನ ಆಯುಷ್ಯ ಅರ್ಧ ದಿನ; ಆದರೆ ಗಿಡ ವಾರಗಟ್ಟಲೆ ದಿನಕ್ಕೊಂದೆರಡರಂತೆ ಕೆಳಗಿನಿಂದ ಮೇಲಕ್ಕೆ ಬಿಡುತ್ತ ಹೋಗುತ್ತದೆ. ಹೊರದೇಶಗಳಲ್ಲಿ ಇದನ್ನು ಅಂದಕ್ಕಾಗಿಯೇ ತೋಟದಲ್ಲಿ ಬೆಳೆಸುವವರಿದ್ದಾರೆ. ನಾವು ಇದರ ಎಲೆಯನ್ನು ತಲೆತಲಾಂತರದಿಂದ ಉಂಡರೂ ಹೂವಿನ ಪರಿಚಯ ಮಾಡಿಕೊಳ್ಳಲಿಲ್ಲ. ಯಾಕೆ ಹೀಗಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಸಂತೆಯಲ್ಲಿ ಕಾಯಿಪಲ್ಯ ಮಾರುವಾಕೆಯನ್ನು, "ಇದು ಯಾವ ಪುಂಡಿ, ಅವ್ವಾ?" ಎಂದು ಕೇಳಿದರೆ, "ಪುಂಡಿ ಅಂದ್ರ ಪುಂಡಿ ನೋಡ್ರಿ, ಅದರಾಗ ಯಾವ್ದು ಅಂತ ಏನೈತಿ? ಕೆಂಪು ಬೇಕಂದ್ರ ಕೆಂಪು ಒಯ್ರಿ, ಬಿಳಿ ಬೇಕಂದ್ರ ಬಿಳಿ ಒಯ್ರಿ" ಎಂಬ ಉತ್ತರ ಬಂದೀತು. ಆಕೆಯ ಮಟ್ಟಿಗೆ ಆ ಮಾತು ಸರಿ. ಆದರೆ ಪುಂಡಿ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಸ್ಯಗಳು ಅಡಗಿವೆ. ಸಸ್ಯಶಾಸ್ತ್ರದಲ್ಲಿ ಒಂದಕ್ಕೆ ಹಿಬಿಸ್ಕಸ್ ಕೆನಾಬಿನಸ್ ಎಂದೂ, ಇನ್ನೊಂದಕ್ಕೆ ಹಿಬಿಸ್ಕಸ್ ಸಬ್ದರಿಫಾ ಎಂದೂ ಹೆಸರು. ಮೊದಲನೆಯದನ್ನು ನಾವು ಇಲ್ಲಿ ನಾರಿನ ಪುಂಡಿಯೆಂದೂ, ಎರಡನೆಯದನ್ನು ಹುಳಿಪುಂಡಿಯೆಂದೂ ಕರೆಯೋಣ. ಇದು ಮಾತಿನ ಅನುಕೂಲಕ್ಕಷ್ಟೇ. ಎರಡರ ಎಲೆಯನ್ನೂ ಉಣ್ಣುತ್ತಾರೆ, ಎರಡರಿಂದಲೂ ನಾರು ಬರುತ್ತದೆ. ಆದುದರಿಂದಲೇ ಎರಡಕ್ಕೂ ಒಂದೇ ಹೆಸರು ನಿಂತಿತು.

ಊರು ಬದಲಾದಂತೆ ಹೆಸರೂ ಬದಲಾಗುತ್ತದೆ. ಮರಾಠಿಯವರು ಅಂಬಾಡಿ ಎನ್ನುತ್ತಾರೆ, ತೆಲುಗಿನವರು ಗೋಂಗೂರ ಎನ್ನುತ್ತಾರೆ, ತಮಿಳರಿಗೆ ಇದು ಪುಳಿಚ್ಚೈ ಕೀರೆ. ಬಂಗಾಲದ ಸೆಣಬಿನ ವ್ಯಾಪಾರಿಗಳು ಮೇಸ್ತಾ ಎಂದರು. ಕುತೂಹಲದ ಸಂಗತಿಯೆಂದರೆ, ನಮ್ಮ ನಾಡಿನದೇ ಆದ ಮಂಗಳೂರಿನ ಕಡೆಗೆ ಹೋಗಿ ಪುಂಡಿ ಎಂದರೆ, ತಾಟಿನಲ್ಲಿ ಅಕ್ಕಿಯ ತರಿಯಿಂದ ಮಾಡಿ ಹಬೆಯಲ್ಲಿ ಬೇಯಿಸಿದ ಉಂಡೆ ಬಂದು ಕೂಡುತ್ತದೆ!

ಈ ಎರಡೂ ಗಿಡಗಳ ತವರು ಆಫ್ರಿಕಾ ಖಂಡ. ನಾರಿನ ಪುಂಡಿ ಅಲ್ಲಿ ಇಂದಿಗೂ ಕಾಡುಗಿಡವಾಗಿ ಬೆಳೆಯುತ್ತದೆ. ಸುಡಾನಿನ ಸೀಮೆಯಲ್ಲಿ ಮೊದಲು ಬೇಸಾಯಕ್ಕೆ ಬಂದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ನಮ್ಮ ಜೋಳದ ತವರೂ ಅದೇ ದಿಕ್ಕಿನದು. ಸುಡಾನಿನ ಪೂರ್ವಭಾಗದ ಅಗೆತಗಳಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಜನ ಜೋಳವನ್ನು ಸಾಗುವಳಿ ಮಾಡುತ್ತಿದ್ದುದಕ್ಕೆ ಗುರುತು ಸಿಕ್ಕಿದೆ. ಸಜ್ಜೆ, ರಾಗಿ, ಅಲಸಂದಿಗಳೂ ಆಫ್ರಿಕದಿಂದ ಬಂದವೇ. ಧಾರವಾಡ ಜಿಲ್ಲೆಯಲ್ಲಿದ್ದು, ೧೯೯೭ರಿಂದ ಹಾವೇರಿ ಜಿಲ್ಲೆಗೆ ಸೇರಿದ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ಅಗೆತ ನಡೆಸಿದರು. ಆ ನೆಲೆಯ ಕರಿಕಾದ ಕಾಳುಗಳನ್ನು ಮುಂದೆ ಪರೀಕ್ಷಿಸಿದವರು ಸಜ್ಜೆಯನ್ನು ಗುರುತಿಸಿದರು. ಅಂದರೆ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಆಫ್ರಿಕದ ಧಾನ್ಯ ನಮ್ಮ ಹೊಳೆದಂಡೆಯ ಒಲೆಯವರೆಗೆ ಬಂದುಬಿಟ್ಟಿತ್ತು.

ಕಾಳು ಒಲೆಯಲ್ಲಿ ಕರಿಕಾಗಿ ಉಳಿಯುತ್ತದೆ. ಎಲೆ ಉಳಿಯುವುದಿಲ್ಲ, ನಾರು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಆದುದರಿಂದ ಜೋಳಕ್ಕೆ ಸಿಕ್ಕಂಥ ಸಾಕ್ಷಿ ಪುಂಡಿಗೆ ಸಿಗುವುದು ಕಠಿಣ. ಪುಂಡಿಯ ಇತಿಹಾಸದ ಮೊದಲ ಸಂಕಟವೇ ಇದು: ಉಂಡ ಸೊಪ್ಪಿಗೂ ಹೊಸೆದ ಹಗ್ಗಕ್ಕೂ ನೆಲ ಲೆಕ್ಕ ಇಡುವುದಿಲ್ಲ. ಒಂದು ತಾಟನ್ನು ಮಾತ್ರ ನೆನೆದು ನೋಡಿರಿ. ರೊಟ್ಟಿಯ ಜೋಳ ಆಫ್ರಿಕದ್ದು, ಪುಂಡಿ ಆಫ್ರಿಕದ್ದು, ಮೆಣಸಿನಕಾಯಿ ಅಮೆರಿಕೆಯಿಂದ ಪೋರ್ತುಗೀಜರ ಕಾಲಕ್ಕೆ ಬಂದದ್ದು, ಬೆಳ್ಳುಳ್ಳಿ ಮಧ್ಯ ಏಶಿಯದ್ದು; ತೊಗರಿಬೇಳೆಯೊಂದು ಈ ದೇಶದ್ದು. ಇವೆಲ್ಲ ಕೂಡಿ ಇಂದು ಅಪ್ಪಟ ಧಾರವಾಡದ ಊಟವಾಗಿದೆ.

ಬರಹದ ದಾಖಲೆಗೆ ಪುಂಡಿ ಬಂದದ್ದು ಬೇರೆಯವರ ಕಣ್ಣಿನಿಂದ. ಸ್ವೀಡನ್ ದೇಶದ ಲಿನೀಯಸ್ ಪಂಡಿತನು ೧೭೫೩ರಲ್ಲಿ ಹುಳಿಪುಂಡಿಗೂ, ೧೭೫೯ರಲ್ಲಿ ನಾರಿನ ಪುಂಡಿಗೂ ಶಾಸ್ತ್ರೀಯ ಹೆಸರು ಕೊಟ್ಟನು. ಕೆನಾಬಿನಸ್ ಎಂದರೆ ಗಾಂಜಾದಂಥದು ಎಂದರ್ಥ. ಬಲಿತ ನಾರಿನ ಪುಂಡಿಯ ಮೇಲಿನ ಎಲೆಗಳು ಬೆರಳುಬೆರಳಾಗಿ ಸೀಳಿ ಗಾಂಜಾ ಎಲೆಯಂತೆ ತೋರುತ್ತವೆ. ಅದರಿಂದ ಆ ಹೆಸರು. ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರೋ ತೆಲುಗು ನಾಡಿನಲ್ಲಿದ್ದು ಅಲ್ಲಿಯ ಗಿಡಗಳನ್ನು ಭಾರತೀಯ ಚಿತ್ರಕಾರರ ಕೈಯಿಂದ ಬರೆಯಿಸಿದನು. ಕೋರಮಂಡಲ ಕರಾವಳಿಯ ಸಸ್ಯಗಳನ್ನು ಕುರಿತ ಆ ದೊಡ್ಡ ಗ್ರಂಥದಲ್ಲಿ ಪುಂಡಿಗೂ ಒಂದು ಪುಟ ದೊರೆತಿದೆ. ಅವನು ೧೭೯೩ರಿಂದ ಕಲಕತ್ತೆಯ ಸಸ್ಯೋದ್ಯಾನದ ಮುಖ್ಯನಾದ ಮೇಲೆ ನಾರಿನ ಗಿಡಗಳ ಪ್ರಯೋಗವನ್ನು ವರ್ಷಗಟ್ಟಲೆ ನಡೆಸಿದನು.

ಕಂಪನಿಗೆ ನಾರಿನ ಹಂಬಲವೇಕೆ? ಹಾಯಿಹಡಗಿನ ಕಾಲವದು. ಹಗ್ಗವಿಲ್ಲದೆ ಹಡಗಿಲ್ಲ. ಇಂಗ್ಲೆಂಡಿಗೆ ಹಗ್ಗದ ನಾರು ರಶಿಯಾದಿಂದ ಬರಬೇಕಾಗಿತ್ತು. ೧೮೫೪ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಅದೇ ರಶಿಯಾದೊಡನೆ ಇಂಗ್ಲೆಂಡ್ ಕಾದಾಟಕ್ಕೆ ನಿಂತಾಗ ನಾರಿಗೆ ಎಲ್ಲಿಗೆ ಹೋಗಬೇಕು? ಮರುವರ್ಷವೇ, ೧೮೫೫ರಲ್ಲಿ, ಫೋರ್ಬ್ಸ್ ರಾಯ್ಲ್ ಎಂಬ ಪಂಡಿತನು ಭಾರತದ ನಾರಿನ ಸಸ್ಯಗಳನ್ನು ಕುರಿತು ಒಂದು ದೊಡ್ಡ ಪುಸ್ತಕವನ್ನೇ ಬರೆದನು. ಅದೇ ೧೮೫೫ರಲ್ಲಿ ಕಲಕತ್ತೆಯ ಹತ್ತಿರದ ರಿಷ್ರಾದಲ್ಲಿ ಸೆಣಬಿನ ಮೊದಲ ಗಿರಣಿ ನಿಂತಿತು. ಗಿರಣಿಗಳಿಗೆ ಬೇಕಾದ ನಾರು ಬಂಗಾಲದ ಸೆಣಬಿನಿಂದಲೇ ಹೇರಳವಾಗಿ, ಅಗ್ಗವಾಗಿ ಸಿಕ್ಕಿತು. ಪುಂಡಿ ಅಲ್ಲಿಂದ ಮುಂದೆ ಎರಡನೆಯ ಪಂಕ್ತಿಯ ನಾರಾಯಿತು: ಸೆಣಬು ಸಿಗದಾಗ ನೆನಪಾಗುವ ನಾರು.

ನಮ್ಮ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮುಂಬಯಿಯ ಸರಕಾರಿ ಪುಸ್ತಕಗಳು ಈ ಗಿಡವನ್ನು ಅಂಬಾಡಿಯೆಂದು ಮರಾಠಿಯ ಹೆಸರಿನಿಂದ ಕರೆದು, ಪಕ್ಕದಲ್ಲಿ ಕಂದುಸೆಣಬು, ದಖ್ಖಣದ ಸೆಣಬು ಎಂಬ ಅರ್ಥದ ಇಂಗ್ಲಿಷ್ ಹೆಸರುಗಳನ್ನು ಬರೆದವು. ನಾರಿನ ಗುಣ, ನಾರಿನ ಬೆಲೆ, ನಾರಿನ ಉದ್ದ ಇವೇ ಅವುಗಳ ವಿಚಾರ. ಆದರೆ ಒಕ್ಕಲಿಗನ ಮನೆಯಲ್ಲಿ ನಾರು ಮತ್ತು ಎಲೆ ಬೇರೆಯಾಗಿರಲಿಲ್ಲ. ಮುಂಗಾರಿಯಲ್ಲಿ ಜೋಳದೊಡನೆಯೋ ಹತ್ತಿಯೊಡನೆಯೋ ಕೂರಿಗೆಯ ಒಂದು ಸಾಲು ಪುಂಡಿಗೆ ಬಿಟ್ಟರೆ, ಎಳೆಯದರಲ್ಲಿ ಕಿತ್ತದ್ದು ಪಲ್ಯಕ್ಕೆ. ಉಳಿದದ್ದು ಆಳೆತ್ತರ ಮೀರಿ ಬೆಳೆದು, ಹಳ್ಳದ ನೀರಿನಲ್ಲಿ ಎರಡು ಮೂರು ವಾರ ಕೊಳೆತು, ಸುಲಿದು ತೊಳೆದ ನಾರಾಗಿ ಕಣ್ಣಿಗೆ, ದಾವಣಿಗೆ, ಬಾವಿಯ ಹಗ್ಗಕ್ಕೆ, ಬೆಣ್ಣೆಯ ಗಡಿಗೆ ತೂಗುವ ನೆಲವಿಗೆ. ನಾರು ಬಿಡಿಸಿ ಉಳಿದ ಕಡ್ಡಿ ಒಲೆಗೆ. ಕೊನೆಗೆ ಸಾಲಿನ ತುದಿಯಲ್ಲಿ ನಾಲ್ಕಾರು ಗಿಡ ಹೂಬಿಟ್ಟು ಕಾಯಾಗಿ ಒಣಗುವವರೆಗೆ ನಿಲ್ಲುತ್ತಿದ್ದವು. ಅವು ಮುಂದಿನ ವರ್ಷದ ಬೀಜ. ಈ ನಾಲ್ಕಾರು ಗಿಡಗಳ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಕೊನೆಗೆ ಮತ್ತೆ ಅಲ್ಲಿಗೇ ಬರುತ್ತೇವೆ.

ಪುಂಡಿಯ ಬಗೆಗಳನ್ನು ಶಾಸ್ತ್ರೀಯವಾಗಿ ವಿಂಗಡಿಸುವ ಕೆಲಸ ಬಿಹಾರದ ಪೂಸಾ ಸಂಶೋಧನಾಲಯದಲ್ಲಿ ನಡೆಯಿತು. ಅಲ್ಲಿ ಆಲ್ಬರ್ಟ್ ಹಾವರ್ಡ್ ಮತ್ತು ಅವರ ಪತ್ನಿ ಗೇಬ್ರಿಯೆಲ್ ಹಾವರ್ಡ್ ದೇಶದ ಬೇರೆ ಬೇರೆ ಕಡೆಯ ಬೀಜ ತರಿಸಿ, ಬೇರೆ ಬೇರೆ ಸಾಲುಗಳಲ್ಲಿ ಬಿತ್ತಿ, ಕಾಂಡದ ಬಣ್ಣ, ಎಲೆಯ ಆಕಾರಗಳನ್ನು ನೋಡಿ ಎರಡೂ ಜಾತಿಗಳ ಬಗೆಗಳನ್ನು ೧೯೧೧ರಲ್ಲಿ ಪ್ರಕಟಿಸಿದರು. ಅವರ ಕೆಲಸದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೆಂಪು, ಹಸಿರು ಎಂಬ ಕಾಂಡದ ಬಣ್ಣ ಜಾತಿಯ ಗುರುತಲ್ಲ. ಎರಡು ಜಾತಿಗಳಲ್ಲಿಯೂ ಕೆಂಪು ಕಾಂಡದವು ಇವೆ, ಹಸಿರು ಕಾಂಡದವೂ ಇವೆ. ನಮ್ಮ ಸಂತೆಯ "ಕೆಂಪು, ಬಿಳಿ" ಎಂಬ ಭೇದ ರುಚಿಗೆ ಉಪಯೋಗವಾದೀತು, ಗುರುತಿಗೆ ಸಾಲದು.

ಮುಂದೆ ಪುಂಡಿಗೆ ಒಮ್ಮೆ ಇದ್ದಕ್ಕಿದ್ದಂತೆ ರಾಜಮರ್ಯಾದೆ ಬಂದಿತು. ೧೯೪೭ರ ದೇಶವಿಭಜನೆಯಲ್ಲಿ ಸೆಣಬು ಬೆಳೆಯುವ ನೆಲದ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಗಿರಣಿಗಳು ಹೂಗಳಿ ನದಿಯ ದಂಡೆಯಲ್ಲಿ ಭಾರತಕ್ಕೆ ಉಳಿದವು. ೧೯೪೯ರ ಸೆಪ್ಟೆಂಬರಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಎರಡು ದೇಶಗಳ ವ್ಯಾಪಾರ ಕಟ್ಟಾಯಿತು. ಗಿರಣಿಗಳಿಗೆ ಹಸಿ ನಾರು ಇಲ್ಲವಾಯಿತು. ಧಾನ್ಯ ತುಂಬಲು ಚೀಲ ಬೇಕಲ್ಲ! ಆಗ ಸರಕಾರದ ಕಣ್ಣು ಸೆಣಬಿನ ಹೊಸ ನೆಲದ ಕಡೆಗೂ ಮೇಸ್ತಾ ಎಂಬ ಪುಂಡಿಯ ಕಡೆಗೂ ತಿರುಗಿತು. ಸೆಣಬಿಗೆ ನೀರು ಹೆಚ್ಚು ಬೇಕು. ಪುಂಡಿ ಮಳೆಯಾಶ್ರಯದ ಒಣನೆಲದಲ್ಲಿಯೂ ಬಂದೀತು. ಆಂಧ್ರದ ಶ್ರೀಕಾಕುಳಂ, ವಿಜಯನಗರಂ ಸೀಮೆಯಲ್ಲಿ ಇದು ದೊಡ್ಡ ಬೆಳೆಯಾಯಿತು. ಅಲ್ಲಿಯ ಭೀಮುನಿಪಟ್ಟಣದ ಬಂದರಿನ ಹೆಸರಿನಿಂದ ಇದರ ನಾರಿಗೆ ಬಿಮ್ಲಿ ಎಂಬ ವ್ಯಾಪಾರದ ಹೆಸರು ಮೊದಲೇ ಇತ್ತು. ಹೊರಗೂ ಹೀಗೆಯೇ ಆಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಏಶಿಯದ ನಾರು ಸಿಗುವುದು ಕಷ್ಟವಾದಾಗ ಅಮೆರಿಕದವರು ಕ್ಯೂಬಾದಲ್ಲಿ ನಾರಿನ ಪುಂಡಿಯ ಪ್ರಯೋಗ ಹೂಡಿದರು. ಅವರು ಕರೆದ ಕೆನಾಫ್ ಎಂಬ ಹೆಸರು ಪಾರಸಿಯ ಮೂಲದ್ದು.

ಈ ಮರ್ಯಾದೆ ಬಹುಕಾಲ ನಿಲ್ಲಲಿಲ್ಲ. ಪ್ಲಾಸ್ಟಿಕ್ಕಿನ ಚೀಲ ಬಂದಿತು, ನೈಲಾನಿನ ಹಗ್ಗ ಬಂದಿತು. ಸೆಣಬಿನ ಚೀಲವನ್ನು ಉಳಿಸಲಿಕ್ಕೆ ೧೯೮೭ರಲ್ಲಿ ಸಂಸತ್ತು ಒಂದು ಕಾಯದೆಯನ್ನೇ ಮಾಡಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಕಣ್ಣಿ ಅಂಗಡಿಯಿಂದ ಬರತೊಡಗಿದ ಮೇಲೆ ಪುಂಡಿ ಕೊಳೆಹಾಕುವವರು ಯಾರು? ಬಾವಿಗೆ ಹಗ್ಗವೇ ಬೇಡವಾದ ಮೇಲೆ ಹೊಸೆಯುವ ಕೈಗೆ ಕೆಲಸವೆಲ್ಲಿ? ಹೀಗೆ ನಾರು ಹೋಯಿತು. ಉಳಿದದ್ದು ಎಲೆ. ಯುದ್ಧ, ಗಿರಣಿ, ಸರಕಾರ ಇವು ಕೈಬಿಟ್ಟ ಗಿಡವನ್ನು ಅಡಿಗೆಮನೆ ಕೈಬಿಡಲಿಲ್ಲ.

ಹುಳಿಪುಂಡಿಯ ಇನ್ನೊಂದು ದಾರಿಯನ್ನೂ ಇಲ್ಲಿಯೇ ಹೇಳಬೇಕು. ಆಫ್ರಿಕದಿಂದ ಪಡುವಣಕ್ಕೆ ಹೋದ ಹುಳಿಪುಂಡಿ ಗುಲಾಮರ ಹಡಗಿನ ದಾರಿಯಲ್ಲಿ ಹೋಯಿತು. ಹದಿನೆಂಟನೆಯ ಶತಮಾನದ ಆರಂಭಕ್ಕೆ ಅದು ಜಮೈಕಾದಲ್ಲಿ ಬೆಳೆಯುತ್ತಿತ್ತು. ಅಲ್ಲಿ ಇದರ ಎಲೆಗಿಂತ ಹೂವಿನ ಹೊರಗಣ ಬಟ್ಟಲು ಮುಖ್ಯವಾಯಿತು. ಸಸ್ಯಶಾಸ್ತ್ರದಲ್ಲಿ ಪುಷ್ಪಪಾತ್ರೆ ಎನ್ನುವ ಈ ಬಟ್ಟಲು ದಳ ಉದುರಿದ ಮೇಲೆ ರಸತುಂಬಿ, ಕೆಂಪೇರಿ, ಒಂದು ಅಂಗುಲಕ್ಕೂ ಮೀರಿ ಬೆಳೆಯುತ್ತದೆ. ಜಮೈಕಾದವರು ಕ್ರಿಸ್ಮಸ್ ಹಬ್ಬಕ್ಕೆ ಅದರಿಂದ ಪಾನಕ ಮಾಡುತ್ತಾರೆ. ಈಜಿಪ್ತ ಮತ್ತು ಸುಡಾನಿನವರು ಅದನ್ನೇ ಒಣಗಿಸಿ ಕುದಿಸಿ ಕರ್ಕಡೆ ಎಂದು ಕುಡಿಯುತ್ತಾರೆ; ಸೆನೆಗಾಲಿನಲ್ಲಿ ಅದು ಬಿಸ್ಸಾಪ್. ಇತ್ತ ಬ್ರಹ್ಮದೇಶದವರೂ ಅಸ್ಸಾಮಿನವರೂ ನಮ್ಮಂತೆಯೇ ಎಲೆಯ ಹುಳಿಗೆ ಮೆಚ್ಚಿದವರು. ಇಂದು ನಮ್ಮ ಪಟ್ಟಣದ ಅಂಗಡಿಗಳಲ್ಲಿ ದಾಸವಾಳದ ಚಹವೆಂದು ಬಣ್ಣದ ಪೊಟ್ಟಣದಲ್ಲಿ ಸಿಗುವ ಕೆಂಪು ಚೂರುಗಳು ಬೇರೇನೂ ಅಲ್ಲ, ಹುಳಿಪುಂಡಿಯ ಬಟ್ಟಲುಗಳೇ. ಹಿತ್ತಿಲ ಗಿಡದ ಕುಲಬಂಧುವನ್ನು ಗುರುತಿಸಲಾರದೆ ನಾವು ಬೆಲೆ ಕೊಟ್ಟು ಕೊಳ್ಳುತ್ತೇವೆ.

ಇನ್ನು ಗುರುತಿನ ವಿಚಾರ. ಮನೆಯಲ್ಲಿ ಪುಂಡಿ ಬೆಳೆಸಿದವರು ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಮೊದಲು ಕಾಂಡವನ್ನು ಬೆರಳಿನಿಂದ ಮುಟ್ಟಿ ನೋಡಿರಿ. ನಾರಿನ ಪುಂಡಿಯ ಕಾಂಡದ ಮೇಲೆ ಸಾಮಾನ್ಯವಾಗಿ ಸಣ್ಣ ಮುಳ್ಳುಗಳು ಅಲ್ಲಲ್ಲಿ ತಗಲುತ್ತವೆ. ಬಟ್ಟಲಿಗಾಗಿ ಬೆಳೆಸುವ ಹುಳಿಪುಂಡಿಯ ಕಾಂಡ ನುಣುಪು. ಎಲೆಯನ್ನು ನೋಡುವಾಗ ಎಳೆಯ ಗಿಡವನ್ನು ನಂಬಬೇಡಿರಿ. ಎರಡರಲ್ಲಿಯೂ ಕೆಳಗಿನ ಮೊದಲ ಎಲೆಗಳು ಸೀಳಿಲ್ಲದೆ ಇರುತ್ತವೆ, ಮೇಲೆ ಹೋದಂತೆ ಸೀಳುತ್ತವೆ. ಹುಳಿಪುಂಡಿಗೆ ಮೂರರಿಂದ ಐದು ಸೀಳು. ನಾರಿನ ಪುಂಡಿಯಲ್ಲಿ ಸೀಳು ಆಳವಾಗಿ, ಬೆರಳು ಸಣ್ಣಗಾಗಿ, ಗಾಂಜಾದ ನೆನಪು ತರುತ್ತದೆ. ಆದರೆ ಗಾಂಜಾದಲ್ಲಿ ಒಂದೊಂದು ಬೆರಳೂ ಬುಡದವರೆಗೆ ಬಿಡಿಬಿಡಿಯಾದ ಚಿಕ್ಕ ಎಲೆ. ಪುಂಡಿಯಲ್ಲಿ ಎಷ್ಟೇ ಸೀಳಿದರೂ ಬುಡದಲ್ಲಿ ಒಂದೇ ಎಲೆ. ಹೂವಂತೂ ಸಂಶಯಕ್ಕೆ ಎಡೆಯನ್ನೇ ಬಿಡುವುದಿಲ್ಲ. ಗಾಂಜಾಕ್ಕೆ ದಾಸವಾಳದಂಥ ಹೂವು ಎಲ್ಲಿಂದ ಬರಬೇಕು?

ಎರಡು ಪುಂಡಿಗಳ ಹೂವು ಮಾತ್ರ ಒಂದನ್ನೊಂದು ಹೋಲುತ್ತವೆ. ಎರಡೂ ಹಳದಿ, ಎರಡಕ್ಕೂ ಕೆಂಪು ಕಣ್ಣು. ನಿಜವಾದ ತೀರ್ಪು ದಳ ಉದುರಿದ ಮೇಲೆ. ಬಟ್ಟಲು ಕೆಂಪೇರಿ ರಸತುಂಬಿ ಉಬ್ಬಿ ಕಾಯನ್ನು ಮುಚ್ಚಿಕೊಂಡರೆ ಅದು ಬಟ್ಟಲಿನ ಹುಳಿಪುಂಡಿ. ಬಟ್ಟಲು ಉಬ್ಬದೆ, ಹಸಿರಾಗಿಯೇ ಉಳಿದು, ಬಿಳಿಯ ನವುರು ಮತ್ತು ಚುಚ್ಚುವ ರೋಮಗಳಿಂದ ಕೂಡಿದ್ದರೆ ಅದು ನಾರಿನ ಪುಂಡಿ. ನಾರಿಗಾಗಿಯೇ ಬೆಳೆಸುವ ಹುಳಿಪುಂಡಿಯ ಉದ್ದತಳಿಯೊಂದಿದೆ. ಅದರ ಬಟ್ಟಲೂ ತಿನ್ನುವಂತೆ ಬೆಳೆಯದು. ಆಗ ಬಟ್ಟಲಿನ ಬುಡದ ಹೊರಸುತ್ತನ್ನು ನೋಡಬೇಕು. ಅಲ್ಲಿಯ ಚಿಕ್ಕ ಎಲೆಯಂಥ ಎಸಳುಗಳು ಬುಡದಲ್ಲಿ ಒಂದಕ್ಕೊಂದು ಕೂಡಿ ಬಟ್ಟಲಿಗೆ ಅಂಟಿದ್ದರೆ ಹುಳಿಪುಂಡಿ. ದಾರದಂತೆ ಸಪೂರವಾಗಿ ಬಿಡಿಬಿಡಿಯಾಗಿದ್ದರೆ ನಾರಿನ ಪುಂಡಿ.

ಮೂರನೆಯ ಗಿಡವೊಂದು ಈಚೆಗೆ ನರ್ಸರಿಗಳಿಂದ ಬಂದು ಸೇರಿದೆ. ಎಲೆಯೆಲ್ಲ ಕಡು ಕೆನ್ನೀಲಿ, ಹೂವು ಮಾಸಲು ಗುಲಾಬಿ. ಅದರ ಶಾಸ್ತ್ರೀಯ ಹೆಸರು ಹಿಬಿಸ್ಕಸ್ ಅಸಿಟೋಸೆಲ್ಲಾ. ಅದೂ ಆಫ್ರಿಕದ್ದೇ, ಅದರ ಎಲೆಗೂ ಹುಳಿರುಚಿಯುಂಟು. ಆದರೆ ಬಟ್ಟಲು ಉಬ್ಬುವುದಿಲ್ಲ. ಕೆಂಪು ಪುಂಡಿಯೆಂದು ಅದನ್ನು ತಂದು, ಬಟ್ಟಲಿಗಾಗಿ ಕಾದು ಕೂತವರು ನಿರಾಶರಾಗುತ್ತಾರೆ. ಗುರುತು ತಿಳಿಯದ ಗಿಡವನ್ನು, ಎಲೆ ಕೆಂಪಗಿದೆಯೆಂದು, ಬಾಯಿಗೆ ಹಾಕಲೇಬಾರದು. ಕೆಂಪು ಔಡಲದ ಎಲೆಯೂ ಅಂಗೈಯಂತೆ ಸೀಳಿರುತ್ತದೆ; ಅದು ವಿಷದ ಗಿಡ.

ಬೆಳೆಸುವುದು ಕಷ್ಟವಲ್ಲ. ಮೃಗಶಿರೆಯ ಮಳೆಗೆ ನೆಲ ಹಸಿಯಾದಾಗ ಅರ್ಧ ಅಂಗುಲ ಆಳದಲ್ಲಿ ಬೀಜ ಊರಿದರೆ ಒಂದು ವಾರದೊಳಗೆ ಮೊಳೆಯುತ್ತದೆ. ಎರೆಯಾಗಲಿ ಮಸಾರಿಯಾಗಲಿ, ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆಯುವ ರೋಗ ಬರುತ್ತದೆ. ಪಲ್ಯಕ್ಕಾದರೆ ಒತ್ತೊತ್ತಾಗಿ ಬಿತ್ತಿರಿ. ಹೂವಿಗೂ ಬಟ್ಟಲಿಗೂ ಆದರೆ ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿ ಅಂತರ ಬೇಕು. ಮೊಳವೆತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆದು ಹೂವು ಹೆಚ್ಚುತ್ತದೆ. ಹಿತ್ತಿಲಿಲ್ಲದವರು ದೊಡ್ಡ ಕುಂಡದಲ್ಲಿ ಒಂದೊಂದು ಗಿಡ ಇಡಬಹುದು. ಬಿಸಿಲು ಮಾತ್ರ ಚೆನ್ನಾಗಿ ಬೇಕು.

ಈ ಗಿಡಕ್ಕೆ ಪಂಚಾಂಗ ಗೊತ್ತು. ಹಗಲು ಕಿರಿದಾಗುತ್ತ ಹನ್ನೆರಡೂವರೆ ತಾಸಿನ ಆಸುಪಾಸಿಗೆ ಇಳಿದಾಗ ನಾರಿನ ಪುಂಡಿ ಮೊಗ್ಗು ಕಟ್ಟುತ್ತದೆ. ಹುಳಿಪುಂಡಿ ಅದಕ್ಕೂ ಸ್ವಲ್ಪ ತಡವಾಗಿ. ಜೂನಿನಲ್ಲಿ ಬಿತ್ತಿದ್ದು ಆಳೆತ್ತರ ಬೆಳೆದು ಹೂಬಿಟ್ಟರೆ, ಸೆಪ್ಟೆಂಬರಿನಲ್ಲಿ ಬಿತ್ತಿದ್ದು ಮೊಳಕಾಲೆತ್ತರಕ್ಕೇ ಹೂಬಿಡುತ್ತದೆ.

ಪಟ್ಟಣದವರು ಒಂದು ಎಚ್ಚರಿಕೆ ವಹಿಸಬೇಕು. ಬೀದಿಯ ವಿದ್ಯುದ್ದೀಪ ರಾತ್ರಿಯಿಡೀ ಬೀಳುವ ಕಡೆ ಪುಂಡಿ ಇಡಬೇಡಿರಿ. ರಾತ್ರಿಯ ಕತ್ತಲೆಯೇ ಇದಕ್ಕೆ ಹೂಬಿಡುವ ಸೂಚನೆ. ಬೆಳಕು ಬಿದ್ದರೆ ಹೂವು ತಡವಾಗುತ್ತದೆ. ಬಟ್ಟಲನ್ನು ಹೂವು ಮುದುಡಿದ ಎರಡು ಮೂರು ವಾರಗಳಲ್ಲಿ, ಚಿವುಟಿದರೆ ಮುರಿಯುವಷ್ಟು ಎಳೆಯದಿರುವಾಗಲೇ ಕೊಯ್ಯಬೇಕು. ಒಳಗಿನ ಕಾಯನ್ನು ತೆಗೆದು ಪಾನಕಕ್ಕೋ ಚಟ್ನಿಗೋ ಮುರಬ್ಬಕ್ಕೋ ಬಳಸಬಹುದು. ಹುಳಿಯ ಪದಾರ್ಥವಾದ್ದರಿಂದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆ ಒಗ್ಗದು. ಮೂತ್ರಪಿಂಡದಲ್ಲಿ ಹರಳಿನ ತೊಂದರೆಯಿದ್ದವರು ವೈದ್ಯರನ್ನು ಕೇಳಿ ಉಣ್ಣುವುದು ಒಳ್ಳೆಯದು.

ಈಗ ಆ ನಾಲ್ಕಾರು ಗಿಡಗಳ ಮಾತಿಗೆ ಬರೋಣ. ನಾರಿಗಾಗಿ ಬೆಳೆದವನು ಹೂವು ಮೂಡುವ ಹೊತ್ತಿಗೇ ಕೊಯ್ಯುತ್ತಿದ್ದನು. ಆಗಲೇ ನಾರು ಮೃದು. ಪಲ್ಯಕ್ಕಾಗಿ ಬೆಳೆಯುವವರು ಅದಕ್ಕೂ ಮೊದಲೇ ಬೇರುಸಹಿತ ಕಿತ್ತು ಸಿವುಡು ಕಟ್ಟುತ್ತಾರೆ. ಹೀಗೆ ಒಬ್ಬರ ಕೈಯಲ್ಲಿಯೂ ಪುಂಡಿ ತನ್ನ ಆಯುಷ್ಯವನ್ನು ಪೂರೈಸುವುದಿಲ್ಲ. ಹೂವನ್ನು ನೋಡುತ್ತಿದ್ದವರು ಬೀಜ ಹಿಡಿಯುವವರು ಮಾತ್ರ. ಮನೆಯ ಹಿರಿಯ ಹೆಣ್ಣುಮಕ್ಕಳು ಒಣಗಿದ ಕಾಯಿ ಬಡಿದು, ಕಾಳು ಕೇರಿ, ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಡುತ್ತಿದ್ದರು. ಸರಕಾರದ ಪುಸ್ತಕದಲ್ಲಿ ಇಲ್ಲದ ಗುರುತು ಅವರ ಕಣ್ಣಿನಲ್ಲಿತ್ತು: ಯಾವುದರ ಎಲೆ ಹೆಚ್ಚು ಹುಳಿ, ಯಾವುದು ಬೇಗ ಹೂವಿಗೆ ಬರುತ್ತದೆ, ಯಾವುದನ್ನು ಕಿತ್ತರೂ ಮತ್ತೆ ಚಿಗುರುತ್ತದೆ. ಮಡಕೆಯ ಬೀಜ ಅಂಗಡಿಯ ಪೊಟ್ಟಣವಾದ ದಿನ, ನೋಡುವ ಕಣ್ಣಿಗೂ ಕೆಲಸ ತಪ್ಪಿತು. ಎಲೆ ಉಳಿಯಿತು, ಹೂವು ಮರೆಯಾಯಿತು.

ಇದನ್ನು ತಿರುಗಿ ಸರಿಪಡಿಸಲು ದೊಡ್ಡ ಸಂಸ್ಥೆಯೇನೂ ಬೇಡ. ಪುಂಡಿ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಎರಡು ಜಾತಿಗಳ ವರ್ಣತಂತುಗಳ ಸಂಖ್ಯೆಯೂ ಬೇರೆ: ನಾರಿನ ಪುಂಡಿಯಲ್ಲಿ ೩೬, ಹುಳಿಪುಂಡಿಯಲ್ಲಿ ೭೨. ಆದುದರಿಂದ ಪಕ್ಕಪಕ್ಕದಲ್ಲಿದ್ದರೂ ಅವು ತಾವಾಗಿ ಬೆರೆತು ಕೆಡುವ ಭಯವಿಲ್ಲ. ಹಿತ್ತಿಲಿನ ನಾಲ್ಕು ಗಿಡಗಳಿಂದ ಹಿಡಿದ ಬೀಜ ಮರುವರ್ಷ ಅದೇ ಪುಂಡಿಯಾಗಿ ಬರುತ್ತದೆ. ಒಂದೊಂದು ಕಾಯಿಯಲ್ಲಿ ಇಪ್ಪತ್ತರ ಸುಮಾರು ಕಾಳು ಸಿಕ್ಕರೂ ಒಂದು ಓಣಿಗೆ ಸಾಕು.

ಸುಳ್ಳದ ಕಡೆಯ ಎರೆಯಲ್ಲಿ ಶೀಗಿ ಹುಣ್ಣಿಮೆಯ ಹೊತ್ತಿಗೆ ಜೋಳ, ಹತ್ತಿ ನಿಂತಿರುತ್ತವೆ. ಒಕ್ಕಲು ಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನೆಲದ ತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಆ ಬುತ್ತಿಯಲ್ಲಿ ಪುಂಡಿಪಲ್ಯವಿರುತ್ತದೆ. ಅಕ್ಟೋಬರದ ಅದೇ ದಿನಗಳಲ್ಲಿ, ಯಾರೂ ಕೀಳದೆ ಬಿಟ್ಟ ಪುಂಡಿ ಎಲ್ಲಿಯಾದರೂ ಇದ್ದರೆ, ಅದು ಹಳದಿಯ ಹೂವು ಬಿಟ್ಟು ನಿಂತಿರುತ್ತದೆ. ಈ ಮುಂಗಾರಿಗೆ ಪುಂಡಿ ಹಾಕುವವರು ಕೊನೆಯ ನಾಲ್ಕು ಗಿಡಗಳಿಗೆ ಕೈ ಹಚ್ಚದಿರಲಿ. ಶೀಗಿ ಹುಣ್ಣಿಮೆಯ ಬೆಳಿಗ್ಗೆ, ಬಿಸಿಲೇರುವ ಮೊದಲು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲಿ. ಮಧ್ಯಾಹ್ನಕ್ಕೆ ಹೋದರೆ ಅಂದಿನ ಹೂವು ಮುದುಡಿರುತ್ತದೆ.